ರಾಜಪಾರ್ಟಿನ ಬೆಲೆ

ಈ ಸಭೆಯ ಅಧ್ಯಕ್ಷರೂ ನಮ್ಮ ಬಡಾವಣೆ ಸಂಘದ ಹಿರಿಯರೂ ಆದ ಶ್ರೀ ಬದರಿನಾಥ ಅವರೇ, ತಮ್ಮ ಕಲ್ಯಾಣ ಮಂಟಪವನ್ನು ಇವತ್ತಿನ ಸಮಾರಂಭಕ್ಕೆ ಬಿಟ್ಟುಕೊಟ್ಟಿರುವ ನನ್ನ ಬಾಲ್ಯದ ಗೆಳೆಯ ಶ್ರೀ ಬೋರಣ್ಣನವರೇ, ಸಾರಕ್ಕಿಯ ಹಳಬರೇ, ಹೊಸದಾಗಿ ಬಂದು ನಮ್ಮವರೇ ಆದವರೇ, ತಾಯಂದಿರೇ, ಸಭಿಕರೇ,

ಜೀವನವಿಡೀ ಹಾರ್ಮೋನಿಯಂ ಹಿಡಿದು ಪರದೆಯ ಪಕ್ಕದಲ್ಲಿ ಕೂತವನನ್ನು ಇವತ್ತು ನೀವು ವೇದಿಕೆಯ ನಡುವೆ ಕೂರಿಸಿ ಶಾಲು ಹೊದಿಸಿದ್ದೀರಿ. ಕೃತಜ್ಞನಾಗಿದ್ದೇನೆ. ನಮ್ಮ ನಾಟಕಗಳು ಸಂಜೆ ಶುರುವಾದರೆ ಮುಗಿಯುವಾಗ ಬೆಳಗಾಗುತ್ತಿತ್ತು. ಹೆದರಬೇಡಿ, ಭಾಷಣವನ್ನು ಅಷ್ಟು ಎಳೆಯುವುದಿಲ್ಲ.

ಅಧ್ಯಕ್ಷರು ಈಗ ತಾನೇ ಹೇಳಿದರು: "ಮೇಷ್ಟ್ರೇ, ನಿಂತುಹೋದ ನಾಟಕ ಮತ್ತೆ ಶುರು ಮಾಡಿ. ಒಂದೊಂದು ಪಾರ್ಟಿಗೂ ಒಂದೊಂದು ಅಂಗಡಿಯವರು ಖರ್ಚು ಹಾಕ್ತಾರೆ." ಒಳ್ಳೆಯ ಮಾತು. ಆದರೆ ನಾಟಕ ನಿಂತದ್ದು ದುಡ್ಡಿಲ್ಲದೆಯೇ? ನಮ್ಮಲ್ಲಿ ದುಡ್ಡಿಲ್ಲದಿದ್ದಾಗ ಪ್ರತಿ ವರ್ಷ ಆಡುತ್ತಿದ್ದೆವಲ್ಲ?

ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದ ಕಾಲ. ನಾನೇ ಬರೆದ ನಾಟಕ. ರಾಜ್ಯ ಕಳೆದುಕೊಂಡ ರಾಜನೊಬ್ಬ ಕಾಡಿನಲ್ಲಿ ನಿಂತು ಹಾಡುವುದೇ ಅದರ ಜೀವ. ಆ ರಾಜಪಾರ್ಟು ಕೇರಿಯ ಉಗ್ರಪ್ಪನದು. ಉಗ್ರಪ್ಪ ಜಯನಗರಕ್ಕೆ ಇಟ್ಟಿಗೆ ಗಾಡಿ ಹೊಡೆಯುತ್ತಿದ್ದ. ಅಲ್ಲಿನ ಎಷ್ಟೋ ಮನೆಗಳ ಗೋಡೆ ಅವನ ಗಾಡಿಯಿಂದ ಇಳಿದದ್ದು. ಅವನಿಗೆ ಮಾತ್ರ ಒಂದು ಗೇಣು ಜಮೀನಿರಲಿಲ್ಲ. ಮೈಕಿಲ್ಲದೆ ಹಾಡಿದರೆ ಕೆರೆ ಏರಿಯವರೆಗೂ ಕೇಳುತ್ತಿತ್ತು. ಹಗಲು ಹೊತ್ತಿನಲ್ಲಿ ಅವನನ್ನು ಜಗುಲಿ ಹತ್ತಿಸದವರು ನಾಟಕದ ರಾತ್ರಿ ಅವನೆದುರು ನೆಲದ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಕಾಲ ಸ್ವರ್ಗವಾಗಿತ್ತು ಎಂದು ನಾನು ಹೇಳಲಾರೆ. ವರ್ಷಕ್ಕೊಂದು ಸಲವಾದರೂ ಅವನು ರಾಜನಾಗಿದ್ದ, ಅಷ್ಟೇ.

ಎಪ್ಪತ್ತೆಂಟನೇ ಇಸವಿಯ ಹೊತ್ತಿಗೆ ಹೊಲಗಳು ಸೈಟುಗಳಾದವು. ಜಮೀನಿದ್ದವರ ಕೈಯಲ್ಲಿ ದುಡ್ಡು ಆಡಿತು. ಸೀನರಿ, ಉಡುಪಿನ ಬಾಡಿಗೆಯೂ ಏರಿತು. ಪಾರ್ಟು ಹಾಕುವವರೇ ಖರ್ಚು ಹಂಚಿಕೊಳ್ಳಲಿ ಎಂದು ಸಮಿತಿ ತೀರ್ಮಾನಿಸಿತು. ನ್ಯಾಯವಾಗಿಯೇ ಕಂಡಿತು. ಮರುವರ್ಷ ರಾಜಪಾರ್ಟಿಗೆ ಇಬ್ಬರು ಮುಂದೆ ಬಂದರು, ಹರಾಜು ಕೂಗಿದರು, ಪಾರ್ಟು ಬೋರಣ್ಣನವರಿಗೆ ಹೋಯಿತು.

ಬೋರಣ್ಣ, ಬೇಜಾರಾಗಬೇಡಿ. ನೀವು ಪ್ರತಿ ವರ್ಷವೂ ಮುಂದಿನ ಸಾಲಿನಲ್ಲಿ ಕೂತು ಆ ಹಾಡಿಗೆ ತುಟಿ ಆಡಿಸುತ್ತಿದ್ದದ್ದು ನನಗೆ ಗೊತ್ತು. ಆಸೆ ಸುಳ್ಳಲ್ಲ.

ಉಗ್ರಪ್ಪ ಅಭ್ಯಾಸದ ಮನೆಯ ಬಾಗಿಲಲ್ಲಿ ನಿಂತು ಕೇಳಿದ: "ಮೇಷ್ಟ್ರೇ, ದ್ವಾರಪಾಲಕನ ಪಾರ್ಟಾದ್ರೂ ಎಷ್ಟಕ್ಕೆ ಸಿಗುತ್ತೆ?" ನಿನ್ನ ಪಾಲಿನ ದುಡ್ಡು ನಾನು ಕಟ್ಟುತ್ತೇನೆ ಎಂದೆ. "ಬೇಡ ಸಾಮಿ. ಗಂಟಲಿರೋನು ದುಡ್ಡು ಕೊಟ್ಟು ಸುಮ್ನೆ ನಿಂತ್ಕೊಳೋದಾ?" ಎಂದು ಹೋದ.

ತಿಂಗಳುಗಟ್ಟಲೆ ಕಲಿಸಿದರೂ ಬೋರಣ್ಣನವರ ದನಿ ಏರಲಿಲ್ಲ. ನಾಟಕದ ಹಿಂದಿನ ದಿನ ಅವರೇ ಉಗ್ರಪ್ಪನ ಮನೆಗೆ ಹೋಗಿ, ಪರದೆ ಹಿಂದೆ ನಿಂತು ಹಾಡಪ್ಪಾ ಎಂದು ಕೇಳಿಕೊಂಡರು. ಅವನ ಹೆಂಡತಿ ಮಾರಮ್ಮ ಬೇಡವೆಂದಳಂತೆ. ಅವನು, "ಹಾಡು ಕೆಡಬಾರದು, ಬರ್ತೀನಿ. ದುಡ್ಡು ಮಾತ್ರ ಬೇಡ" ಎಂದನಂತೆ.

ಬಂದ. ನನ್ನ ಪಕ್ಕದಲ್ಲೇ ನಿಂತು ಹಾಡಿದ. ಅಂಥ ಹಾಡು ನಾನು ಮತ್ತೆ ಕೇಳಿಲ್ಲ. ರಂಗದ ಮೇಲೆ ಬೋರಣ್ಣ ಬಾಯಿ ಆಡಿಸಿದರು. ಜನ ಎದ್ದು ಚಪ್ಪಾಳೆ ತಟ್ಟಿದರು, ಅವರ ಕೊರಳಿಗೆ ನೋಟಿನ ಹಾರ ಬಿತ್ತು. ಉಗ್ರಪ್ಪ ಅದನ್ನೇ ನೋಡುತ್ತಾ, "ಅದು ನನ್ ಗಂಟಲಿಗೆ ಬಂದ ಚಪ್ಪಾಳೆ ಅಲ್ವಾ ಮೇಷ್ಟ್ರೇ?" ಎಂದ. ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಹಿಂದಿನಿಂದ ಇಳಿದುಹೋದ.

ಜನ ಒನ್ಸ್ ಮೋರ್ ಎಂದರು. ಬೋರಣ್ಣ ನನ್ನ ಕಡೆ ತಿರುಗಿದರು. ನಾನು ಹಾರ್ಮೋನಿಯಂ ನುಡಿಸಿದೆ. ಹಾಡು ಬರಲಿಲ್ಲ. ಊರವರಿಗೆ ಅರ್ಥವಾಯಿತು. ಯಾರೂ ನಗಲಿಲ್ಲ, ಯಾರೂ ಕೂಗಲಿಲ್ಲ. ಒಬ್ಬೊಬ್ಬರಾಗಿ ಚಾಪೆ ಸುತ್ತಿಕೊಂಡು ಎದ್ದರು. ಆಮೇಲಿನ ವರ್ಷ ಪಾರ್ಟು ಕೊಳ್ಳುವವರು ಬಹಳ ಜನ ಇದ್ದರು, ನೋಡುವವರು ಬರಲಿಲ್ಲ. ನಾಟಕ ನಿಂತದ್ದು ಹಾಗೆ.

ಇಷ್ಟನ್ನು ಹೇಳಬೇಕೆಂದು ನಾನು ಬಂದವನಲ್ಲ. ಹೇಳಿದ ಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇನೆ.

ಲಾರಿಗಳು ಬಂದ ಮೇಲೆ ಗಾಡಿಗೆ ಕೆಲಸ ತಪ್ಪಿ, ಉಗ್ರಪ್ಪ ಕನಕಪುರ ರಸ್ತೆಯಾಚೆ ಕಲ್ಲು ಕೆಲಸಕ್ಕೆ ಹೋದ. ಒಂದು ಭಾನುವಾರ, ಅವನನ್ನು ನೋಡಿಬರೋಣ ಎಂದು ಬೋರಣ್ಣನವರೇ ನನ್ನನ್ನು ಕರೆದರು. ಕಾರು ಬೇಡವೆಂದು ಬನಶಂಕರಿಯಲ್ಲಿ ಬಸ್ಸು ಹತ್ತಿ ಹೋದೆವು. ಮಾರಮ್ಮ ಮಜ್ಜಿಗೆ ಕೊಟ್ಟಳು. ಬೋರಣ್ಣ ಅವನ ಕೈ ಹಿಡಿದುಕೊಂಡು, "ನಾಟಕ ಮತ್ತೆ ಆಡೋಣ, ಈ ಸಲ ರಾಜ ನೀನೇ ಕಣೋ. ಒಂದು ಪೈಸೆ ಬೇಡ. ಎಲ್ಲಾ ಖರ್ಚು ನಂದು" ಎಂದರು.

ಉಗ್ರಪ್ಪ ಮೆಲ್ಲಗೆ ಕೈ ಬಿಡಿಸಿಕೊಂಡ. ಆಮೇಲೆ ಹೇಳಿದ: "ಅಣ್ಣ, ನೀವು ಒಳ್ಳೆ ಮನಸಿಂದಾನೇ ಬಂದಿದೀರ. ಆದ್ರೆ ಆಗ ಆ ಕಿರೀಟಕ್ಕೆ ರೇಟ್ ಅನ್ನೋದು ಇರ್ಲಿಲ್ಲ. ಈಗ ನಾನು ಹಾಕ್ಕೊಂಡ್ರೆ, ಬೋರಣ್ಣ ಇಷ್ಟು ದುಡ್ಡಿನ ಪಾರ್ಟು ಉಗ್ರಪ್ಪಂಗೆ ಬಿಟ್ಟುಕೊಟ್ರು ಅಂತಾರೆ. ಜನ ಅನ್ನೋದಿರ್ಲಿ, ನಂಗೇ ಹಂಗನ್ಸುತ್ತೆ."

ಸಭಿಕರೇ, ಒಮ್ಮೆ ಬೆಲೆ ಕಟ್ಟಿದ್ದನ್ನು ಬೆಲೆಯಿಲ್ಲದ್ದಾಗಿ ಮತ್ತೆ ಮಾಡುವುದು ಹೇಗೆ? ಜಮೀನು ಮಾರಬಹುದು, ಮಾರಿದೆವು. ಅದರ ಜೊತೆಗೆ ಇನ್ನೇನೇನು ಮಾರಾಟಕ್ಕೆ ಹೋಯಿತು ಎಂದು ನಾವು ನೋಡಿಕೊಳ್ಳಲಿಲ್ಲ. ಆದ್ದರಿಂದ ಅಧ್ಯಕ್ಷರು ಮನ್ನಿಸಬೇಕು, ಅಂಗಡಿಯವರ ಖರ್ಚಿನಲ್ಲಿ ನಾಟಕ ಕಲಿಸುವುದು ನನ್ನಿಂದಾಗದು.

ಆವತ್ತು ಬಸ್ಸಿನಲ್ಲೇ ವಾಪಸ್ಸು ಬಂದೆವು. ಊರು ಹತ್ತಿರ ಬಂದಾಗ ಬೋರಣ್ಣ ಒಂದೇ ಮಾತು ಹೇಳಿದರು: "ಅವನು ಈಗ್ಲೂ ಹಾಡ್ತಾನಾ ಅಂತ ಕೇಳೋದೇ ಮರೆತ್ವಲ್ಲ ಮೇಷ್ಟ್ರೇ." ಕೇಳಲು ಇಬ್ಬರೂ ಮತ್ತೆ ಹೋಗಲಿಲ್ಲ.

ಇಷ್ಟು ಹೊತ್ತು ಈ ಮುದುಕನ ಮಾತಿಗೆ ಕಿವಿಗೊಟ್ಟ ನಿಮಗೆಲ್ಲ ಋಣಿ. ನಮಸ್ಕಾರ.