ವಲೇರಿಯನ್‌ಗೆ ಬಿದ್ದ ಚಪ್ಪಾಳೆ

ಕೊಲ್ಲಿ ದೇಶದ ಜುಬೈಲಿನ ಕಂಪನಿ ಬಸ್ಸಿನಲ್ಲಿ ಲೆಸ್ಟರ್ ತೂಕಡಿಸುತ್ತಿದ್ದ. ಮುಂದಿನ ಸೀಟಿನಲ್ಲಿ ಗೇಟ್ ಕಾಯುವ ಇಬ್ಬರು ಬಂದು ಕೂತರು. ವಲೇರಿಯನ್ ಮತ್ತು ಮೂಸಾ, ಹಿಂದೆ ಗಡಿಯಲ್ಲಿ ಒಂದೇ ಪಡೆಯಲ್ಲಿದ್ದ ಮಾಜಿ ಸೈನಿಕರು. ನಿನ್ನೆ ಊರವರ ಸಂಘದ ವೇದಿಕೆಯಲ್ಲಿ ವಲೇರಿಯನ್‌ಗೆ ಶಾಲು ಹೊದೆಸಿದವನು ಕಾರ್ಯದರ್ಶಿ ಲೆಸ್ಟರನೇ. ಅವನು ಹಿಂದಿದ್ದದ್ದನ್ನು ಇಬ್ಬರೂ ಗಮನಿಸಲಿಲ್ಲ.

“ನನಗೆ ಡ್ಯೂಟಿ ಇತ್ತು. ಮೈಕಿನಲ್ಲಿ ಎಂತ ಹೇಳಿದೆ ಮಾರಾಯ?” ಮೂಸಾ ಕೇಳಿದ.

“ಗಡಿಯ ಕತೆ ಹೇಳಿ ಅಂದ್ರು. ಆ ಮುದುಕನದ್ದು ಹೇಳಿದೆ.”

“ಕಂಬಳಿ ಹೊದ್ದವನದ್ದಾ?”

“ಹೌದು. ಒಳಗೆ ಬಂದೂಕು ಉಂಟೂಂತ ಗುಂಡು ಹೊಡೆದೆ, ಸತ್ತಮೇಲೆ ನೋಡಿದ್ರೆ ಕುರಿಮರಿ ಅಂತ ಹೇಳಿದೆ.”

“ಅದಕ್ಕೆ ಆ ಮಂಗಗಳು?”

“ಚಪ್ಪಾಳೆ ತಟ್ಟಿದ್ವು. ಯಾರು ಕೇಳ್ತಾರೆ? ಬಿರಿಯಾನಿ ಪರಿಮಳ ಬಂದಾಗಿತ್ತು. ಆ ಕಾರ್ಯದರ್ಶಿ ಹಲ್ಲು ಕಿಸಿದು ಶಾಲು ಹೊದೆಸಿದ.”

“ಥೂ! ಮರಿಯನ್ನು ನಾವೇ ಕೊಯ್ದು ತಿಂದದ್ದು ಹೇಳಿದೆಯಾ?”

“ಇಲ್ಲ. ಅಷ್ಟು ಬಾಯಿ ಬರಲಿಲ್ಲ.”

“ಹೇಳಬೇಕಿತ್ತು ಮಾರಾಯ. ಅದಕ್ಕೂ ತಟ್ಟುತ್ತಿದ್ವು.”

ಬಸ್ಸು ಗೇಟಿನೆದುರು ನಿಂತಿತು. ಇಬ್ಬರೂ ಟೋಪಿ ಸರಿಮಾಡಿಕೊಂಡು ಇಳಿದರು. ಲೆಸ್ಟರ್ ಇಳಿಯಬೇಕಿದ್ದದ್ದೂ ಅಲ್ಲೇ, ಅವನು ಇಳಿಯಲಿಲ್ಲ.