ಇಬ್ಬರಿಗೊಂದು ಕೀರ್ತನೆ ಪುಸ್ತಕ

ವೇದಿಕೆಯ ಮೇಲೆ ಗಟ್ಟಿಯಾದ ಕುರ್ಚಿಯಲ್ಲಿ ಆಸೀನರಾಗಿರುವ ಪೂಜ್ಯ ಸಭಾಪಾಲಕರೇ, ಅವರ ಪಕ್ಕದಲ್ಲಿ ಇನ್ನೂ ಗಟ್ಟಿಯಾದ ಕುರ್ಚಿಯಲ್ಲಿ ಕುಳಿತು ನನ್ನನ್ನೇ ದಿಟ್ಟಿಸುತ್ತಿರುವ ಕಾರ್ಯದರ್ಶಿಗಳೇ, ಇಂದಿನ ಸನ್ಮಾನಿತರೂ ನಮ್ಮೆಲ್ಲರ ಗಂಟಲುಗಳ ಒಡತಿಯೂ ಆದ ನರ್ಸಮ್ಮನವರೇ, ಗಾಯನ ವೃಂದದ ಸಹೋದರ ಸಹೋದರಿಯರೇ, ಹಾಗೂ ಬಾಗಿಲಿಗೆ ಹತ್ತಿರದ ಬೆಂಚುಗಳನ್ನೇ ಆರಿಸಿಕೊಂಡು ಮುಂದಾಲೋಚನೆ ಮೆರೆದಿರುವ ಸಭಿಕರೇ,

ಕರ್ತನ ಹೆಸರಿನಲ್ಲಿ ನಿಮಗೆಲ್ಲ ವಂದನೆ.

ಕಾರ್ಯದರ್ಶಿಗಳು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿ ಹೊಟ್ಟೆ ಹೊರೆದವನಿಗೆ ಐದು ನಿಮಿಷ ಕೊಡುವುದೆಂದರೆ ಮೀನಿಗೆ ಒಂದು ಲೋಟ ನೀರು ಕೊಟ್ಟ ಹಾಗೆ. ಆದರೂ ಒಪ್ಪಿದ್ದೇನೆ. ಏಕೆಂದರೆ ಈ ಸಭಾಂಗಣದ ಗೋಡೆ ಗಡಿಯಾರ ನಿಂತುಹೋಗಿದೆ. ಅದನ್ನು ರಿಪೇರಿ ಮಾಡಲು ನನಗೇ ಹೇಳಿದ್ದರು, ನಾನಿನ್ನೂ ಮಾಡಿಲ್ಲ. ದೇವರು ಎಲ್ಲವನ್ನೂ ಒಳ್ಳೆಯದಕ್ಕೇ ಮಾಡುತ್ತಾನೆ ಎಂಬ ನನ್ನ ವಿಶ್ವಾಸ ಇಂದು ಮತ್ತಷ್ಟು ಗಟ್ಟಿಯಾಗಿದೆ.

ಇಂದು ನರ್ಸಮ್ಮ ನಮ್ಮ ಚರ್ಚಿನ ಗಾಯನ ವೃಂದದ ನಾಯಕತ್ವದಿಂದ ನಿವೃತ್ತರಾಗುತ್ತಿದ್ದಾರೆ. ಆಸ್ಪತ್ರೆಯಿಂದ ಅವರು ಎಂದೋ ನಿವೃತ್ತರಾದರು. ಆದರೆ ಆಸ್ಪತ್ರೆ ಅವರಿಂದ ನಿವೃತ್ತವಾಗಲಿಲ್ಲ. ಅಭ್ಯಾಸಕ್ಕೆ ತಡವಾಗಿ ಬಂದವರ ಕೈಹಿಡಿದು ನಾಡಿ ನೋಡುತ್ತಿದ್ದರು. "ಓಡಿ ಬಂದಿಯೋ, ಇಲ್ಲಾ ಬಾಗಿಲ ಹತ್ರ ಬಂದ ಮೇಲೆ ಏದುಸಿರು ಶುರು ಮಾಡಿದ್ಯೋ, ಈಗ ಗೊತ್ತಾಗುತ್ತೆ ಬಾ." ಸ್ವರ ತಪ್ಪಿದವರನ್ನು ಎಂದೂ ಬೈದವರಲ್ಲ. ಹತ್ತಿರ ಬಂದು, ತಲೆ ವಾಲಿಸಿ, "ಎಲ್ಲಿ ನೋಯ್ತಿದೆ?" ಎಂದು ಕೇಳುತ್ತಿದ್ದರು. ಬೈದಿದ್ದರೆ ವಾಸಿಯಿತ್ತು!

ಅವರು ಕೈಗೆತ್ತಿಕೊಂಡಾಗ ನಮ್ಮ ವೃಂದದಲ್ಲಿ ಇದ್ದದ್ದಾದರೂ ಏನು? ಕಂಠಗಳಿರಲಿಲ್ಲ, ಬರೀ ಗಂಟಲುಗಳಿದ್ದವು. ನಾವು ಹಾಡಲು ನಿಂತರೆ ಕಿಟಕಿಯ ಮೇಲಿನ ಪಾರಿವಾಳಗಳು ಬೇರೆ ಮತಕ್ಕೆ ಹೋಗುತ್ತಿದ್ದವು. ಅಂಥ ನಮ್ಮನ್ನು ಸಾಲಾಗಿ ನಿಲ್ಲಿಸಿ, ಬಾಯಿ ತೆರೆಸಿ, ಉಸಿರು ಎಳೆಸಿ, ಒಂದು ಸಭೆ ಕಣ್ಣು ಮುಚ್ಚಿ ಕೇಳುವಂತೆ ಮಾಡಿದ್ದು ಯಾರು? ಈ ನರ್ಸಮ್ಮ. ಕೆಲವರು ನೋವಿಗೂ ಕಣ್ಣು ಮುಚ್ಚುತ್ತಾರೆ, ಅದು ಬೇರೆ ಮಾತು.

ಈಗ, ಸಭಿಕರೇ, ಈ ಮೇಜಿನ ಮೇಲಿರುವ ಪುಸ್ತಕಗಳ ವಿಷಯಕ್ಕೆ ಬರುತ್ತೇನೆ.

ನಿಮಗೆಲ್ಲ ಕಾಣುತ್ತಿದೆಯಲ್ಲ, ನೀಲಿ ರಟ್ಟು, ಮೇಲೆ ಬಂಗಾರದ ಅಕ್ಷರ? ಹೊಸ ಕೀರ್ತನೆ ಪುಸ್ತಕಗಳು. ನರ್ಸಮ್ಮನವರ ಗೌರವಾರ್ಥ ನಮ್ಮ ಸಭೆ ಗಾಯನ ವೃಂದದ ಪ್ರತಿಯೊಬ್ಬರಿಗೂ ಒಂದೊಂದು ತರಿಸಿದೆ. ಒಬ್ಬೊಬ್ಬರ ಹೆಸರೂ ಅದರ ಮೇಲೆ ಅಚ್ಚಾಗಿದೆ. ಇನ್ನು ಮುಂದೆ ಯಾರೂ ಯಾರ ಪುಸ್ತಕದೊಳಗೂ ಇಣುಕಬೇಕಿಲ್ಲ. ಭಾಷಣ ಮುಗಿಸಿ ಇವುಗಳನ್ನು ಹಂಚುವ ಭಾಗ್ಯ ಈ ಬಡಪಾಯಿಯದು.

ಒಳ್ಳೆಯ ಉಡುಗೊರೆ. ಹೊಗಳಲೇಬೇಕಾದ ಉಡುಗೊರೆ. ಹಾಗಾದರೆ ಕಾರ್ಯದರ್ಶಿಗಳು ಇದನ್ನು ಹೇಳಿದ ದಿನದಿಂದ ನನಗೇಕೆ ಊಟ ಸೇರುತ್ತಿಲ್ಲ?

ವೃಂದದ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮಲ್ಲಿ ಮೊದಲಿನಿಂದಲೂ ಒಂದು ಪದ್ಧತಿ. ಇಬ್ಬರಿಗೊಂದು ಪುಸ್ತಕ. ಪುಸ್ತಕಗಳ ಬರ ಇತ್ತೆಂದು ತಿಳಿಯಬೇಡಿ, ಬೀರುವಿನ ತುಂಬ ಇದ್ದವು. ಬೀರುವಿನ ಕೀಲಿ ನರ್ಸಮ್ಮನ ಸೊಂಟದಲ್ಲಿತ್ತು. ಒಮ್ಮೆ ನಮ್ಮ ದರ್ಜಿ ಧೈರ್ಯ ಮಾಡಿ ಕೇಳಿಯೇಬಿಟ್ಟ. "ಅಮ್ಮ, ಒಬ್ಬೊಬ್ಬರಿಗೆ ಒಂದೊಂದು ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?"

ನರ್ಸಮ್ಮ ಕನ್ನಡಕದ ಮೇಲಿಂದ ನೋಡಿದರು. "ಸುವಾರ್ತೆಯಲ್ಲಿ ಸ್ವಾಮಿ ತನ್ನ ಶಿಷ್ಯರನ್ನ ಹೇಗೆ ಕಳಿಸಿದ?"

"ಇಬ್ಬಿಬ್ಬರಾಗಿ ಕಳಿಸಿದ, ಅಮ್ಮ."

"ಕೈಗೊಂದೊಂದು ಪುಸ್ತಕ ಕೊಟ್ಟು ಕಳಿಸಿದ್ನಾ?"

ದರ್ಜಿ ಕುಳಿತುಕೊಂಡ. ಸುವಾರ್ತೆಯನ್ನು ಹೀಗೆ ಸೂಜಿಯಂತೆ ಚುಚ್ಚಿದರೆ ದರ್ಜಿಯಾದರೂ ಏನು ಮಾಡಿಯಾನು?

ಅದಿರಲಿ, ಜೋಡಿಗಳನ್ನು ಅವರು ಹೇಗೆ ಆರಿಸುತ್ತಿದ್ದರು? ಸ್ವರ ನೋಡಿಯೇ? ಎತ್ತರ ನೋಡಿಯೇ? ಇಲ್ಲ ಸಭಿಕರೇ, ಮುಖ ನೋಡಿ. ಯಾರು ಯಾರನ್ನು ಕಂಡರೆ ಮುಖ ತಿರುಗಿಸುತ್ತಾರೋ ಅವರಿಬ್ಬರಿಗೆ ಒಂದು ಪುಸ್ತಕ. ದರ್ಜಿಗೆ ಜೊತೆ ಯಾರು? ಅವನು ಹೊಲಿದ ಕೋಟಿನಲ್ಲಿ ಕೈ ಎತ್ತಲಾಗದೆ ಮದುವೆಯ ದಿನವೆಲ್ಲ ಸೈನಿಕನಂತೆ ನಿಂತಿದ್ದ ಬೇಕರಿಯವನು. ಮೇಲಿನ ಸ್ವರದ ಸಾಲಿನಲ್ಲಿ ಅತ್ತೆಗೆ ಜೊತೆ ಸೊಸೆ. ಪುಟ ತಿರುಗಿಸುವ ಅಧಿಕಾರ ಯಾರದು ಎಂಬ ಬಗ್ಗೆ ಆ ಮನೆಯಲ್ಲಿ ನಡೆದ ಮಾತುಕತೆ ದೊಡ್ಡ ರಾಷ್ಟ್ರಗಳಿಗೂ ಮಾದರಿಯಾಗುವಂಥದ್ದು.

ನನಗೆ ಜೊತೆ ನನ್ನ ಅಣ್ಣ.

ಅಗೋ, ಮೂರನೆಯ ಸಾಲಿನಲ್ಲಿ, ಕಂಬದ ಪಕ್ಕ, ಬಸ್ಸು ಓಡಿಸುವವನ ಹಾಗೆ ಎರಡೂ ಕೈ ಮುಂದಿಟ್ಟುಕೊಂಡು ಕುಳಿತಿದ್ದಾನಲ್ಲ, ಅವನೇ. ಬಸ್ಸು ಬಿಟ್ಟು ಬಹಳ ದಿನವಾಯಿತು, ಕೈಗಳಿಗೆ ಇನ್ನೂ ಯಾರೂ ಹೇಳಿಲ್ಲ. ಅವನೂ ನಾನೂ ಮಾತಾಡುವುದಿಲ್ಲ ಎಂಬುದು ಊರಿಗೇ ಗೊತ್ತು. ಏಕೆ ಮಾತಾಡುವುದಿಲ್ಲ ಎಂಬುದು ಹೊಸಬರಿಗೆ ಗೊತ್ತಿರಲಾರದು. ಹೇಳಿಬಿಡುತ್ತೇನೆ, ಹೇಗೂ ಗಡಿಯಾರ ನಿಂತಿದೆ.

ನಮ್ಮ ಅಮ್ಮನನ್ನು ಮಣ್ಣಿಗೆ ಒಪ್ಪಿಸುವ ದಿನ. ಆಗಿನ ಸಭಾಪಾಲಕರು ಪ್ರಾರ್ಥನೆ ಮುಗಿಸಿ, "ಈಗ ಈ ತಾಯಿಗೆ ಅತ್ಯಂತ ಪ್ರಿಯವಾಗಿದ್ದ ಕೀರ್ತನೆಯನ್ನು ಹಾಡೋಣ" ಎಂದರು. ಯಾವುದೆಂದು ಹೇಳಲಿಲ್ಲ, ಮಕ್ಕಳಿಗೆ ಗೊತ್ತಿರುತ್ತದಲ್ಲ ಎಂದು. ಗೊತ್ತಿತ್ತು. ಇಬ್ಬರಿಗೂ ಗೊತ್ತಿತ್ತು. ಅಣ್ಣ ಸಮಾಧಿಯ ಆ ಕಡೆಯಿಂದ ಬೆಳಗಿನ ಕೀರ್ತನೆ ಎತ್ತಿದ: "ಹೊಸ ಬೆಳಕ ಕೊಟ್ಟವನೇ, ಹೊಸ ಮನಸ ಕೊಡು." ಅದೇ ಕ್ಷಣಕ್ಕೆ ನಾನು ಈ ಕಡೆಯಿಂದ ಸಂಜೆಯ ಕೀರ್ತನೆ ಎತ್ತಿದೆ: "ದಿನದ ಕೆಲಸ ಮುಗಿಯಿತು, ಲೆಕ್ಕ ಕೇಳದೆ ಕೈಹಿಡಿ."

ಅವನು ನಿಲ್ಲಿಸುತ್ತಾನೆ ಎಂದು ನಾನು. ನಾನು ನಿಲ್ಲಿಸುತ್ತೇನೆ ಎಂದು ಅವನು. ಆ ಕಡೆ ನಿಂತವರು ಅವನ ಜೊತೆ ಸೇರಿದರು, ಈ ಕಡೆಯವರು ನನ್ನ ಜೊತೆ. ಒಂದು ಕಡೆ ಬೆಳಗಾಗುತ್ತಿತ್ತು, ಇನ್ನೊಂದು ಕಡೆ ಕತ್ತಲಾಗುತ್ತಿತ್ತು. ನಡುವೆ ಸಭಾಪಾಲಕರು ಮಧ್ಯಾಹ್ನದಂತೆ ಬೆವರುತ್ತ ನಿಂತಿದ್ದರು. ಬೆಳಗಿನ ಕೀರ್ತನೆಯಲ್ಲಿ ಚರಣ ಕಡಿಮೆ. ಅವರದು ಮೊದಲೇ ಮುಗಿಯಿತು. ಸೋಲಬಾರದೆಂದು ಅಣ್ಣ ಮತ್ತೆ ಮೊದಲಿನಿಂದ ಶುರು ಮಾಡಿದ!

ಆಮೇಲೆ ಗೇಟಿನ ಹತ್ತಿರ ಮಾತಾಯಿತು.

"ಅಮ್ಮನಿಗೆ ಯಾವ ಹಾಡು ಇಷ್ಟ ಅಂತಾನೂ ಗೊತ್ತಿಲ್ವೇನೋ ನಿನಗೆ?"

"ನೀನು ಮನೇಲಿದ್ದಿದ್ರೆ ತಾನೆ ನಿನಗೆ ಗೊತ್ತಾಗೋದು? ಬಸ್ಸಲ್ಲೇ ಹುಟ್ಟಿದವನ ಹಾಗೆ ತಿರುಗ್ತಿದ್ದೆ."

"ಹೌದಪ್ಪ, ನೀನೊಬ್ಬನೇ ಮಗ. ನನ್ನನ್ನ ಯಾವುದೋ ಸ್ಟಾಪಲ್ಲಿ ಹತ್ತಿಸಿಕೊಂಡ್ರು."

ಅದೇ ಕೊನೆಯ ಮಾತು. ಮನೆಯಲ್ಲೂ ಇಲ್ಲ, ಬೀದಿಯಲ್ಲೂ ಇಲ್ಲ. ಅತ್ತಿಗೆ ನನ್ನ ಅಂಗಡಿಗೆ ಗಡಿಯಾರ ತಂದರೆ, "ಇದರ ಯಜಮಾನರು ಕೀ ಜಾಸ್ತಿ ತಿರುಗಿಸಿದ್ದಾರೆ ಅಂತ ಹೇಳಿ" ಎನ್ನುತ್ತಿದ್ದೆ. ಮಾರನೆಯ ದಿನ ಉತ್ತರ ಬರುತ್ತಿತ್ತು. "ರಿಪೇರಿಯವರಿಗೆ ಮಾತು ಜಾಸ್ತಿ ಅಂತ ಹೇಳಂದ್ರು."

ಅಮ್ಮನ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಆ ವಾರ್ಡಿನಲ್ಲಿದ್ದವರು ಇದೇ ನರ್ಸಮ್ಮ. ನಾನು ಅವರ ಬಳಿ ಹೋದೆ. "ನರ್ಸಮ್ಮ, ನೀವೇ ಹೇಳಿ, ಕೊನೆಗೆ ನಮ್ಮಮ್ಮ ಯಾವುದನ್ನ ಗುನುಗ್ತಿದ್ಲು?" ನರ್ಸಮ್ಮ ನಕ್ಕರು. "ನಿನ್ನೆ ನಿಮ್ಮಣ್ಣನೂ ಬಂದಿದ್ದ. ಅವನಿಗೆ ಹೇಳಿದ್ದನ್ನೇ ನಿನಗೂ ಹೇಳ್ತೀನಿ. ಇಬ್ಬರೂ ಒಟ್ಟಿಗೆ ಬಂದು ಕೇಳಿ, ಹೇಳ್ತೀನಿ."

ಒಟ್ಟಿಗೆ ಹೋಗುವುದೆಂದರೇನು? ಅದಕ್ಕೆ ಮಾತಾಡಬೇಕಲ್ಲ! ಹೋಗಲಿಲ್ಲ. ಮುಂದಿನ ಅಭ್ಯಾಸದಂದು ನಮ್ಮಿಬ್ಬರ ಕೈಗೆ ಒಂದೇ ಪುಸ್ತಕ ಬಂತು.

ಸಭಿಕರೇ, ನಾನು ಭೂತಗನ್ನಡಿ ಕಣ್ಣಿಗೆ ಕಚ್ಚಿಸಿಕೊಂಡು ಕೆಲಸ ಮಾಡಿದವನು. ಅಕ್ಷರ ಮೂಗಿನ ತುದಿ ದಾಟಿದರೆ ನನಗೆ ಮಂಜು. ಅಣ್ಣ ದೂರದ ತಿರುವು ನೋಡಿ ಬದುಕಿದವನು. ಅವನ ಕಣ್ಣಿಗೆ ಅಕ್ಷರ ಮುಂದಿನ ನಿಲ್ದಾಣದಲ್ಲಿರಬೇಕು. ನಾನು ಪುಸ್ತಕ ಎಳೆದೆ, ಅವನು ತಳ್ಳಿದ. ನಾನು ಎಳೆದೆ, ಅವನು ತಳ್ಳಿದ. ಹಿಂದಿನ ಸಾಲಿನವರಿಗೆ ನಾವು ಮರ ಕೊಯ್ಯುತ್ತಿದ್ದೇವೆ ಎನ್ನಿಸಿತಂತೆ. ಬಾಯಲ್ಲಿ ಏನು ಹಾಡುತ್ತಿದ್ದೆವು? ದೇವರ ಪ್ರೀತಿ. ಮೊಣಕೈಯಲ್ಲಿ ಏನು ಮಾಡುತ್ತಿದ್ದೆವು? ಅದನ್ನು ದೇವರೇ ಬಲ್ಲ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬುದು ಸುಲಭ, ನೆರೆಯವನು ಬೇರೆ ಬೀದಿಯಲ್ಲಿದ್ದರೆ. ಪುಸ್ತಕದ ಇನ್ನೊಂದು ಅಂಚು ಹಿಡಿದಿದ್ದರೆ?

ಆದರೆ ಪುಟ ತಿರುಗಿಸಬೇಕಲ್ಲ. ನಾನು ಚರಣ ಮುಗಿಸುವ ಮೊದಲೇ ಅವನು ತಿರುಗಿಸಿಬಿಡುತ್ತಿದ್ದ. ಒಂದು ದಿನ ತಡೆಯಲಾರದೆ, "ಇರು" ಎಂದೆ. ಅವನು, "ಹೂಂ" ಎಂದ. ಇದು ಮಾತಲ್ಲ, ಕೀರ್ತನೆಯ ಭಾಗ ಎಂದು ಇಬ್ಬರೂ ಒಳಗೊಳಗೇ ತೀರ್ಮಾನಿಸಿದೆವು. ಆಮೇಲೆ ಆ ಭಾಗ ನಿಧಾನವಾಗಿ ಬೆಳೆಯಿತು. "ಈಗ ತಿರುಗಿಸು." "ಕೆಮ್ಮು ಹೋಗಿಲ್ವಾ?" "ಬಿಸಿನೀರು ಕುಡಿ." "ಮಗಳಿಗೆ ಕೆಲಸ ಸಿಕ್ತಾ?" ಎಲ್ಲವೂ ಸಾಲು ಸಾಲಿನ ನಡುವೆ, ಉಸಿರು ತೆಗೆದುಕೊಳ್ಳುವ ಜಾಗದಲ್ಲಿ. ಬಾಗಿಲು ದಾಟಿದ ಕೂಡಲೇ ಅವನು ಎಡಕ್ಕೆ, ನಾನು ಬಲಕ್ಕೆ. ಹೊರಗೆ ನಮ್ಮ ಮೌನಕ್ಕೆ ಒಂದು ಚೂರೂ ಭಂಗ ಬಂದಿಲ್ಲ, ಬೇಕಾದರೆ ಯಾರನ್ನಾದರೂ ಕೇಳಿ.

ಹಾಗೆಯೇ ಒಂದು ದಿನ ಬೆಳಗಿನ ಕೀರ್ತನೆಯ ಎರಡನೆಯ ಚರಣದ ಕೊನೆಗೆ ಅಣ್ಣ ಗೊಣಗಿದ. "ಇದು ಬರ್ತಿದ್ದ ಹಾಗೆ ಅಮ್ಮ ಒಲೆ ಹಚ್ಚೋಳು. ಡಿಪೋಗೆ ಹೋಗೋ ಮುಂಚೆ ನನಗೆ ಚಹಾ."

ನಾನು ಮೂರನೆಯ ಚರಣ ಹಾಡಲಿಲ್ಲ. ಆ ಹೊತ್ತಿಗೆ ನಾನು ಎಂದಾದರೂ ಎದ್ದಿದ್ದೆನೇ? ಹೊದಿಕೆಯೊಳಗಿರುತ್ತಿದ್ದೆ. ಸಂಜೆ ನಾನು ಮೇಜಿನ ಮೇಲೆ ಚಕ್ರಗಳನ್ನು ಹರಡಿಕೊಂಡು ಕುಳಿತರೆ ಅಮ್ಮ ಎದುರಿಗೆ ಅಂಗಿ ತೇಪೆ ಹಾಕುತ್ತ ಸಂಜೆಯದನ್ನು ಹಾಡುತ್ತಿದ್ದಳು. ಆಗ ಅಣ್ಣ ಕೊನೆಯ ಟ್ರಿಪ್ಪಿನಲ್ಲಿರುತ್ತಿದ್ದ. ಒಬ್ಬಳೇ ಅಮ್ಮ. ಅವನಿಗೆ ಬೆಳಗು ಕೊಟ್ಟಿದ್ದಳು, ನನಗೆ ಸಂಜೆ. ನಾವು ಸಮಾಧಿಯ ಎರಡು ಕಡೆ ನಿಂತು ಜಗಳವಾಡಿದ್ದು ಯಾವುದಕ್ಕೆ?

ಇದನ್ನು ಅವನಿಗೆ ಹೇಳಿದೆನೇ? ಅಷ್ಟುದ್ದದ ಮಾತು ಉಸಿರಿನ ಜಾಗದಲ್ಲಿ ಹಿಡಿಸುವುದಿಲ್ಲ, ಸಭಿಕರೇ. "ತಿರುಗಿಸು" ಎಂದೆ.

ಕಳೆದ ವರ್ಷ ಅಣ್ಣನ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಕೆಲವು ಭಾನುವಾರ ಬರಲಿಲ್ಲ. ಪುಸ್ತಕ ಪೂರ್ತಿ ನನ್ನದೇ, ಮೂಗಿಗೆ ತಾಗಿಸಿಕೊಂಡು ರಾಜನ ಹಾಗೆ ಹಾಡಬಹುದಿತ್ತು. ಹಾಡಿನ ನಡುವೆ ನರ್ಸಮ್ಮ ಬಳಿ ಬಂದು ನಿಂತರು. "ಏನಪ್ಪಾ, ಕಾಣ್ತಿದೆಯಾ?" ನೋಡುತ್ತೇನೆ, ನಾನು ಪುಸ್ತಕವನ್ನು ತೋಳು ಚಾಚಿ ದೂರಕ್ಕೆ ಹಿಡಿದಿದ್ದೇನೆ. ಅವನ ದೂರಕ್ಕೆ. ನನಗೆ ಒಂದಕ್ಷರವೂ ಕಾಣುತ್ತಿರಲಿಲ್ಲ. ಅಭ್ಯಾಸ ಅಷ್ಟೇ, ಬೇರೇನಿಲ್ಲ. ಮರಳಿ ಬಂದ ಮೇಲೆ ಹೊಸ ಕಣ್ಣಿನ ಅಣ್ಣ ಪುಸ್ತಕವನ್ನು ತಾನಾಗಿಯೇ ಈಚೆ ತಂದ. ಅದು ಮೊದಲ ಸಲ ನಮ್ಮಿಬ್ಬರ ಮಧ್ಯೆ ಅಲುಗಾಡದೆ ನಿಂತಿತು. ಅಂದು ನಾನು ಹಾಡಿದ್ದು ಚೆನ್ನಾಗಿರಲಿಲ್ಲವಂತೆ. ಹಳೆಯ ಪುಸ್ತಕದ ಧೂಳು, ಅಷ್ಟೇ.

ಈಗ ಹೇಳಿ, ನನಗೆ ಊಟ ಏಕೆ ಸೇರುತ್ತಿಲ್ಲ? ಬಂಗಾರದ ಅಕ್ಷರದ ಪುಸ್ತಕ ಅವನಿಗೊಂದು, ನನಗೊಂದು. ಅವನು ತನ್ನದನ್ನು ತಿರುಗಿಸಿಕೊಳ್ಳುತ್ತಾನೆ, ನಾನು ನನ್ನದನ್ನು. ನಮಗಿದ್ದ ಮಾತೆಲ್ಲ ಆ ಒಂದು ಪುಟದ ಮೂಲೆಯಲ್ಲಿತ್ತು. ಇನ್ನು ಯಾವ ನೆಪದಲ್ಲಿ "ಇರು" ಎನ್ನಲಿ?

ನರ್ಸಮ್ಮ, ನೀವು ನಮಗೆ ಹಾಡು ಕಲಿಸಿದಿರಿ ಎಂದು ಇಂದು ನಿಮಗೆ ಕೊಡುವ ಈ ಫಲಕದಲ್ಲಿ ಬರೆದಿದ್ದಾರೆ. ಅದು ಸುಳ್ಳು, ನಮಗೆ ಇನ್ನೂ ಹಾಡಲು ಬರುವುದಿಲ್ಲ. ಪಕ್ಕದವನು ಉಸಿರು ತೆಗೆದುಕೊಳ್ಳುವವರೆಗೆ ಕಾಯುವುದನ್ನು ಕಲಿಸಿದಿರಿ. ವಿಶ್ವಾಸ ಎಂದರೆ ಇದಕ್ಕಿಂತ ದೊಡ್ಡದೇನೋ ಇರಬಹುದು, ಸಭಾಪಾಲಕರು ಬಲ್ಲರು. ನನ್ನ ಅಳತೆಗೆ ಇಷ್ಟೇ ಹಿಡಿಸಿದೆ, ಇಷ್ಟಕ್ಕೇ ನಾನು ದೇವರಿಗೂ ನಿಮಗೂ ಋಣಿ.

ಕಾರ್ಯದರ್ಶಿಗಳು ಎದ್ದು ನಿಂತಿದ್ದಾರೆ. ಮುಗಿಸುತ್ತೇನೆ. ಪುಸ್ತಕಗಳನ್ನು ಹಂಚುತ್ತೇನೆ, ಎರಡನ್ನು ಬಿಟ್ಟು. ಆ ಎರಡು ಇಲ್ಲೇ ಮೇಜಿನ ಮೇಲೆ ಇರಲಿ, ಹೆಸರು ಚೆನ್ನಾಗಿ ಹೊಳೆಯುತ್ತಿದೆ, ನೋಡುವವರು ನೋಡಲಿ. ನಮ್ಮ ಹಳೆಯದನ್ನು ಬೆಳಿಗ್ಗೆಯೇ ಬೀರುವಿನಿಂದ ತೆಗೆದಿದ್ದೇನೆ. ಕೀಲಿ ಹೇಗೆ ಸಿಕ್ಕಿತು ಎಂದು ಕೇಳಬೇಡಿ, ಕೊಟ್ಟವರು ವೇದಿಕೆಯ ಮೇಲೆಯೇ ಮುಖ ಕೆಳಗೆ ಹಾಕಿ ನಗುತ್ತಿದ್ದಾರೆ.

ಮುಕ್ತಾಯದ ಕೀರ್ತನೆ ಯಾವುದೆಂದು ನಾನು ಹೇಳಬೇಕಂತೆ. ಬೆಳಗಿನದು. ಹೌದು, ಸಂಜೆಯ ಹೊತ್ತಿಗೆ ಬೆಳಗಿನ ಕೀರ್ತನೆ, ನಾನೇ ಹೇಳುತ್ತಿದ್ದೇನೆ. ಅಣ್ಣಾ, ನೀನೇ ಎತ್ತು. ನಾನು ನಿನ್ನ ಕಡೆಗೆ ಬರುತ್ತೇನೆ. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದೇನೆ, ಆದ್ದರಿಂದ ನೀನು ಸ್ವಲ್ಪ ಹತ್ತಿರ ಹಿಡಿಯಬೇಕಾಗುತ್ತದೆ. ಜೇಬಿನಲ್ಲಿ ಕನ್ನಡಕದ ಡಬ್ಬಿಯ ಆಕಾರದಲ್ಲಿ ಉಬ್ಬಿಕೊಂಡಿರುವುದು ಏನೆಂದು ಮುಂದಿನ ಸಾಲಿನವರು ಕೇಳಬಾರದು. ಹಾಡಾದ ಮೇಲೆ ನರ್ಸಮ್ಮ ಓಡಿಹೋಗಬೇಡಿ, ನಿಮ್ಮನ್ನು ಒಂದು ಪ್ರಶ್ನೆ ಕೇಳುವುದಿದೆ. ಇಬ್ಬರೂ ಒಟ್ಟಿಗೆ ಬರುತ್ತೇವೆ. ಉತ್ತರ ಯಾವುದಾದರೂ ಆಗಲಿ.

ನೋಡಿ, ಮೂರನೆಯ ಸಾಲಿನಲ್ಲಿ ಯಾರೋ ಕಂಬದ ಕಡೆಗೆ ಸರಿದು ಬೆಂಚಿನಲ್ಲಿ ಜಾಗ ಬಿಟ್ಟಿದ್ದಾರೆ. ಒಬ್ಬರು ಕೂರುವಷ್ಟು. ಬಸ್ಸಿನಲ್ಲಿ ಬಿಡುವ ಹಾಗೆ, ಆ ಕಡೆ ನೋಡಿಕೊಂಡು.

ಸಹನೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞತೆ. ಗಡಿಯಾರವನ್ನು ನಾಳೆಯೇ ರಿಪೇರಿ ಮಾಡುತ್ತೇನೆ. ಈಗ ಇಳಿದು ಬರಲು ಅಪ್ಪಣೆ ಕೊಡಿ. ನಮಸ್ಕಾರ.