ಜುಂಗು ನೂಲಿನ ಹಾಸು

ಬಸ್ಸು ಬರದೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಾಲಿನಲ್ಲಿ ಮುಂದೆ ನಿಂತಿದ್ದ ಅತ್ತೆ, ಸೊಸೆ ತಮ್ಮ ಮಗ್ಗದ ಬಗ್ಗೆ ಜಗಳಕ್ಕೆ ಬಿದ್ದಿದ್ದರು.

“ಮಗ್ಗಕ್ಕೆ ಉದ್ದಕ್ಕೆ ಕಟ್ಟಿರೋ ಆ ಉಣ್ಣೆ ಹಾಸು ಕತ್ತರಿಸಿ ಬಿಸಾಕೇ, ಪೇಟೆಯಿಂದ ಹೊಸ ನೂಲು ತರೋಣ. ಎಳೆ ಎಳೆ ತಬ್ಕೊಂಡು ಕೂತಿವೆ, ಲಾಳಿಗೆ ದಾರೀನೇ ಬಿಡಲ್ಲ.”

“ಕತ್ತರಿಸಲ್ಲ ಅತ್ತೆ. ಹತ್ತಿ ನೂಲಿನ ಥರ ಹಣಿಗೆ ಹಲ್ಲುಗಳ ಸಂದಿಗೆ ಒತ್ತೊತ್ತಾಗಿ ಪೋಣಿಸಿದ್ದೇ ತಪ್ಪು. ಉಣ್ಣೆ ಎಳೆ ಮೇಲೆ ಎದ್ದಿರೋ ಜುಂಗಿಗೂ ಜಾಗ ಬೇಕು.”

“ಪೋಣಿಸಿದ ಪುಣ್ಯಾತ್ಗಿತ್ತಿ ಯಾರು?”

“ನೀವೇ.”

“ಬಾಯಿ ನೋಡು ಇವಳದ್ದು!”

“ಎಲ್ಲಾ ಬಿಚ್ಚಿ ಬಿಡಿಬಿಡಿಯಾಗಿ ಪೋಣಿಸ್ತೀನಿ. ನಮ್ಮಮ್ಮ ಸಾಯೋ ಮುಂಚೆ ನೂತಿದ್ದು ಅದು. ಮತ್ತೆ ಯಾರು ನೂತು ಕೊಡ್ತಾರೆ?”

ಅತ್ತೆ ಚೀಲ ಹೆಗಲಿಗೇರಿಸಿ ಸಾಲು ಬಿಟ್ಟಳು.

“ಎಲ್ಲಿಗೆ ಅತ್ತೆ?”

“ಮನೆಗೆ. ಒಂದೊಂದೇ ಎಳೆ ನಾನು ಕೊಡ್ತೀನಿ, ನೀನು ಹಣಿಗೆಯೊಳಗಿಂದ ಎಳ್ಕೋ. ಒತ್ತಾಗಿ ಕೊಟ್ರೆ ಕೈ ಮೇಲೆ ಹೊಡಿ.”